ಕೊನೇ ಸಾಲಿನ ಮೀಸೆಕೃಷ್ಣ

ಹಲೋ... ಹಲೋ, ಯಾರು ಮಾತಾಡೋದು?... ಯಾರು?... ಸ್ವಲ್ಪ ಗಟ್ಟಿಯಾಗಿ ಹೇಳಿಪ್ಪಾ, ಇಲ್ಲಿ ಕುಕ್ಕರ್ ಕೂಗ್ತಿದೆ...

ಹಾಂ, ನಾನೇ. ತಿರುವಲ್ಲಿಕ್ಕೇಣಿ ಗೋದಾಬಾಯಿನೇ. ನೀವು?... ಸಂತೋಷ್. ಸರಿ ಸಂತೋಷ್, ಮದುವೆ ಯಾವತ್ತು?...

ಯಾವ ಮದುವೆ ಅಂತ ನನ್ನೇ ಕೇಳ್ತೀರಲ್ಲ, ಚೆನ್ನಾಗಿದೆ! ಗುರುತಿಲ್ಲದ ನಂಬರಿಂದ ನನಗೆ ಫೋನ್ ಬರೋದು ಒಂದೇ ವಿಷಯಕ್ಕೆ, ಬೀಗರ ಹಾಡಿಗೆ. ನಿಮ್ಮದು ಹೆಣ್ಣಿನ ಕಡೆಯೋ, ಗಂಡಿನ ಕಡೆಯೋ?... ಇರ್ಲಿ ಬಿಡಿ, ನನಗೆ ಪಕ್ಷಪಾತ ಇಲ್ಲ. ಯಾರು ಮೊದಲು ಕರೀತಾರೋ ಅವರ ಕಡೆ ಕೂತ್ಕೊಂಡು ಎದುರು ಕಡೆಯವರನ್ನ ಬೈತೀನಿ. ಎದುರು ಬೀಗಿತ್ತಿ ಹೆಂಗಿದಾಳೆ? ದಪ್ಪನಾ, ಸಣ್ಣನಾ? ಮೂಗು ಹೇಗೆ? ಊಟಕ್ಕೆ ಕೂತ್ರೆ ಏಳ್ತಾಳಾ? ನನಗೆ ಒಂದು ನಿಜ ಬೇಕುಪ್ಪಾ. ಒಂದೇ ಒಂದು. ಮಿಕ್ಕಿದ ಸುಳ್ಳೆಲ್ಲ ನಾನೇ ಹಾಕ್ಕೋತೀನಿ...

ಹೆದರಬೇಡಿ, ಜಗಳ ಆಗಲ್ಲ. ಹಾಡು ಮುಗಿದ ತಕ್ಷಣ ನಾನೇ ಎದ್ದುಹೋಗಿ ಆಕೆ ಬಾಯಿಗೆ ಕಲ್ಲುಸಕ್ಕರೆ ಹಾಕ್ತೀನಿ. ಆಮೇಲೆ ಆಕೆ ತಿರುಗಿ ನನ್ನ ಮೇಲೆ ಒಂದು ಹಾಡಬೇಕು. ನಮ್ಮಲ್ಲಿ ಅದು ಪದ್ಧತಿ. ಹಾಡಿಸ್ಕೊಂಡೋರು ಉತ್ತರ ಹಾಡದೆ ಎದ್ದುಹೋದ್ರೆ ಕೋಪ ಬಂದಿದೆ ಅಂತ ಅರ್ಥ. ನಲವತ್ತು ವರ್ಷದಲ್ಲಿ ಇಬ್ಬರೇ ಎದ್ದುಹೋಗಿದ್ದು. ಅದರಲ್ಲೂ ಒಬ್ಬಳಿಗೆ ನಿಜವಾಗ್ಲೂ ಬಸ್ಸಿಗೆ ಹೊತ್ತಾಗಿತ್ತು...

ಏನು?... ಮದುವೆ ಅಲ್ವಾ?... ಮತ್ತೆ ಉಪನಯನಾನಾ?... ಕವಿಗಳಾ? ಯಾವ ಕವಿಗಳು?... ಇರಿ ಇರಿ, ಸಾವಕಾಶ ಹೇಳಿ. ಬೆಸೆಂಟ್ ನಗರ, ಹಾಂ. ಬೀಚ್ ಪಕ್ಕದಲ್ಲಿ ಒಂದು ಪ್ರತಿಷ್ಠಾನ, ಸರಿ. ಉದಯೋನ್ಮುಖ ಕವಿಗಳ... ಏನಂದ್ರಿ?... ವಿಕಾಸ ಕಾರ್ಯಕ್ರಮ...

ಕವಿನ ಬೆಳೆಸೋದಾ? ಹೆಂಗೆ, ಯೂರಿಯಾ ಹಾಕಿನಾ?... ಅಯ್ಯೋ ತಮಾಷೆಗೆ ಕೇಳಿದೆ, ಹೇಳಿ ಹೇಳಿ... ಆರು ತಿಂಗಳು. ತಮಿಳು, ತೆಲುಗು, ಮಲೆಯಾಳ, ಕನ್ನಡ. ಒಬ್ಬೊಬ್ಬರಿಗೆ ಒಬ್ಬ ವಾತ್ಯಾರು... ಓ, ಮೆಂಟರ್ ಅನ್ನಬೇಕಾ? ಸರಿ, ಮೆಂಟರು. ಶನಿವಾರ ಶನಿವಾರ ಸಮುದ್ರದ ಮುಂದೆ ಕೂತ್ಕೊಂಡು ತಮ್ಮ ದನಿ ತಾವೇ ಹುಡುಕೋದು. ಕೊನೇಲಿ ಒಂದು ಪುಸ್ತಕ. ಚೆನ್ನಾಗಿದೆ. ನಾನು ದನಿ ಹುಡುಕಿದ್ದು ಕಲ್ಯಾಣ ಮಂಟಪದಲ್ಲಿ, ನಾದಸ್ವರದೋನು ಕಾಫಿ ಕುಡಿಯೋ ಗ್ಯಾಪಲ್ಲಿ...

ಟುಂಯ್ ಟುಂಯ್ ಅಂತಿದೆಯಲ್ಲ, ಇದೇನು?... ಓ, ಮಧ್ಯದಲ್ಲಿ ಇನ್ನೊಂದು ಕಾಲ್ ಬರ್ತಿದೆ. ಮೊಮ್ಮಗಳು. ಎಣ್ಣೂರಲ್ಲಿ ಕಂಟೇನರ್ ಆಫೀಸಲ್ಲಿ ಕೆಲಸ, ಹನ್ನೊಂದು ಗಂಟೆ ಶಿಫ್ಟು, ಈಗ ರೈಲಲ್ಲಿರ್ತಾಳೆ. ಮೊಸರನ್ನದ ಡಬ್ಬಿ ಮರೆತಿರ್ತಾಳೆ, ಅಷ್ಟೇ. ಕೂಗ್ಲಿ. ನೀವು ಹೇಳಿ...

ನಿಮ್ಮ ಕನ್ನಡ ಘಟ್ಟದ ಕೆಳಗಿನವರ ಥರ ಇದೆ, ಅಲ್ವಾ? ಉಡುಪಿ ಕಡೇನಾ?... ಕುಂದಾಪುರ. ಅಪ್ಪ ಏನ್ ಮಾಡ್ತಾರೆ?... ಮಾಧವರಂ ಬಸ್ ಸ್ಟ್ಯಾಂಡ್ ಎದುರು ಹೋಟೆಲ್. ಕೇಳಲೇಬಾರದಿತ್ತು ನಾನು. ಅಪ್ಪ ಇಡ್ಲಿ ಬೇಯಿಸ್ತಾರೆ, ಮಗ ಕವಿಗಳನ್ನ ಬೇಯಿಸ್ತಾನೆ. ಎರಡಕ್ಕೂ ಹದ ಮುಖ್ಯ. ಸರಿಪ್ಪಾ, ಇದಕ್ಕೂ ನನಗೂ ಏನು ಸಂಬಂಧ?...

ಅರ್ಜಿ ಬಂದಿದೆ. ಸರಿ. ಕನ್ನಡಕ್ಕೆ ಒಂದೇ ಸೀಟು. ಸರಿ. ಯಾರದ್ದು ಅರ್ಜಿ?... ಯಾರು?...

ಸಂಹಿತಾ. ಇಪ್ಪತ್ತನಾಲ್ಕು ವಯಸ್ಸು. ತಿರುವಲ್ಲಿಕ್ಕೇಣಿ... ಒಂದು ನಿಮಿಷ ಲೈನಲ್ಲಿರಿ, ಗ್ಯಾಸ್ ಆರಿಸಿ ಬರ್ತೀನಿ...

ಹಾಂ, ಹೇಳಿ. ನನ್ನ ಹೆಸರು ಅಲ್ಲಿ ಹೆಂಗೆ ಬಂತು?... ಶಿಫಾರಸು ಮಾಡೋರು ಅನ್ನೋ ಜಾಗದಲ್ಲಾ? ಏನಂತ ಬರೆದಿದಾಳೆ?... 'ವಿದುಷಿ ಗೋದಾಬಾಯಿ, ಕನ್ನಡ ಮಹಿಳಾ ಗೀತ ಪರಂಪರೆಯ ತಜ್ಞೆ'... ಇನ್ನೊಂದು ಸಲ ಓದಿ... ಇನ್ನೊಂದು ಸಲ... ಇಲ್ಲ, ಕೇಳಿಸ್ತು. ಚುಮ್ಮಾ, ಸುಮ್ನೆ ಓದಿಸಿದೆ, ಕೇಳಕ್ಕೆ ಚೆನ್ನಾಗಿತ್ತು...

ಅದೇನು ಇನ್ನೊಂದು ನಿಯಮ?... ಶಿಫಾರಸು ಮಾಡೋರು ಸಂಬಂಧಿಕರಾಗಿರಬಾರದು... ಓ... ಇಲ್ಲ ಇಲ್ಲ ಇಲ್ಲ, ಸಂಬಂಧಾನೂ ಇಲ್ಲ ಏನೂ ಇಲ್ಲ. ಯಾರೋ ಒಂದು ಹುಡುಗಿ. ಇದೇ ಬೀದೀಲಿ... ಓಡಾಡ್ತಿರ್ತಾಳೆ...

ಎಷ್ಟು ವರ್ಷದ ಪರಿಚಯ?... ಇಪ್ಪತ್ತನಾಲ್ಕು... ಹಾಂ, ಅವಳಿಗೂ ಇಪ್ಪತ್ತನಾಲ್ಕೇ. ಹುಟ್ಟಿದ ದಿವಸವೇ ಪರಿಚಯ ಆಯ್ತು. ಆಸ್ಪತ್ರೇಲಿ. ನಾನು ಬೇರೆ ಕೆಲಸಕ್ಕೆ ಹೋಗಿದ್ದೆ ಅಲ್ಲಿಗೆ...

ಹುಡುಗಿ ಹೆಂಗೆ ಅಂದ್ರೆ... ನಿಜ ಹೇಳಲಾ? ಬುದ್ಧಿವಂತೆ. ಸಿಎ ಪರೀಕ್ಷೆ ಬರೆದಳು, ಹೋಯ್ತು. ಮತ್ತೆ ಬರೆದಳು, ಹೋಯ್ತು. ಮೂರನೇ ಸಲಾನೂ ಹೋದ ಮೇಲೆ ಬಾಯಿ ಮುಚ್ಚಿಬಿಟ್ಟಳು ಕಣಪ್ಪಾ. ಎರಡು ವರ್ಷ. ಊಟಕ್ಕೆ ಬಾ ಅಂದ್ರೆ ಬರ್ತಾಳೆ, ತಟ್ಟೆ ತೊಳೀತಾಳೆ, ರೂಮಿಗೆ ಹೋಗ್ತಾಳೆ. ನೀವು ಆಗಲೇ ದನಿ ಹುಡುಕೋದು ಅಂದ್ರಲ್ಲ, ನಾನು ನಕ್ಕೆ. ನಗಬಾರದಿತ್ತು. ಈ ಹುಡುಗಿ ದನಿ ನಿಜವಾಗ್ಲೂ ಕಳೆದುಹೋಗಿತ್ತು...

ನನಗೆ ಹೆಂಗೆ ಗೊತ್ತಾ?... ಬೀದೀಲಿ ಹೇಳ್ಕೋತಾರೆ, ತಟ್ಟೆ ತೊಳೆಯೋದೆಲ್ಲ...

ಆಮೇಲೆ ಹೋದ ಆಡಿ ತಿಂಗಳಲ್ಲಿ, ಆಷಾಢ ಅಲ್ವಾ, ಮದುವೆಗಿದುವೆ ಏನೂ ಇಲ್ಲ, ನಾನು ಚುಮ್ಮಾ ಕೂತಿದ್ದೆ. ಬಂದು ಎದುರಿಗೆ ಕೂತಳು. ಫೋನ್ ಮುಂದೆ ಇಟ್ಟಳು. ಹಾಡು ಅಂದಳು. ನಮ್ಮ ಕನ್ನಡ ಅವಳಿಗೆ ಅರ್ಥ ಆಗತ್ತೆ, ಉತ್ತರ ಮಾತ್ರ ತಮಿಳಲ್ಲಿ. ಓದಿದ್ದೆಲ್ಲ ಈ ತಮಿಳು ಊರಿನ ಸ್ಕೂಲಲ್ಲೇ ಅಲ್ವಾ? 'ಇನ್ನೊರು ವಾಟಿ ಪಾಡು' ಅಂತಾಳೆ, ನಾನು ಇನ್ನೊಂದು ಸಲ ಹಾಡ್ತೀನಿ. ಬಿದ್ದು ಬಿದ್ದು ನಗ್ತಾಳೆ. ಎರಡು ವರ್ಷ ಆದಮೇಲೆ ಆ ನಗು ಕೇಳಿದ್ದು ನಾನು. ಅದಕ್ಕೇ ಗಂಟಲು ಹರಿಯೋವರೆಗೂ ಹಾಡಿದೆ. ಕನ್ನಡ ಅಕ್ಷರ ಕಲಿಸು ಅಂದಳು, ಕಲಿಸಿದೆ. ಇದಕ್ಕೆ ಅಂತ ಗೊತ್ತಿರಲಿಲ್ಲ...

ಇದಕ್ಕೆ ಅಂದ್ರೆ... ಕವಿತೆ ಬರೆಯೋಕೆ ಅಂತ. ಸರಿ, ಏನು ಕಳಿಸಿದಾಳೆ? ಒಂದು ಓದಿ ನೋಡೋಣ...

'ಬೀಗಿತ್ತಿ ಬಂದಳು ನೋಡಿರೆ ನೋಡಿರೆ'... ಹೂಂ... 'ಬಾಗಿಲು ಸಾಲದು ದೂಡಿರೆ ದೂಡಿರೆ'... ಅಲ್ಲಪ್ಪಾ, ಸುದ್ದಿ ಓದೋ ಥರ ಓದಬೇಡಿ. ಅದು ಎಳೀಬೇಕು. 'ಹದಿನಾರು ಹೋಳಿಗೆ ತಿಂದಳು, ತಿಂದೂ... ಹಸಿವಿಲ್ಲ ನನಗೆ ಎಂದಳು! ಸೆರಗಿನ ಗಂಟಲ್ಲಿ ಏನುಂಟೊ ಬಲ್ಲ, ಗೋದೆಯ ಮೀಸೆಯ ಕೃಷ್ಣನು ಎಲ್ಲ!' ಇಲ್ಲಿ ತಟ್ಟೆ ಬಡೀಬೇಕು...

ಹಾಂ?... ಬಾಯಿಪಾಠ ಹೆಂಗೆ ಬಂತು ಅಂದ್ರೆ... ಅವಳು ಓದಿ ತೋರಿಸಿದಾಳೆ. ಬೀದೀಲಿ ನಿಂತು. ಒಂದು ಸಲ ಕೇಳಿದ್ರೆ ನನಗೆ ನೆನಪಿರತ್ತೆ. ತಜ್ಞೆ ಅಲ್ವಾ ನಾನು?...

ಇದೇ ಥರದ್ದು ಒಂಬತ್ತು, ಆಮೇಲೆ ಇನ್ನೊಂದು. ಒಟ್ಟು ಹತ್ತು. ಸರಿ. ನಿಮ್ಮ ಆಯ್ಕೆ ಸಮಿತಿ ಏನಂತು?... ಇಷ್ಟ ಆಯ್ತಾ? ಯಾರಿಗೆ?... ಜಯಪ್ರಕಾಶ್, ಅವರು ಕನ್ನಡದ ಮೆಂಟರು. ಏನಂದ್ರು?... 'ವಿವಾಹ ವ್ಯವಸ್ಥೆಯ ಮೇಲೆ ಯುವಪೀಳಿಗೆಯ ನಿರ್ದಯ ವ್ಯಂಗ್ಯ'... ಹೋಳಿಗೆ ಮೇಲಪ್ಪಾ ಅದು! ಆ ಹೆಂಗಸು ನಿಜವಾಗ್ಲೂ ಸೆರಗಲ್ಲಿ ಹೋಳಿಗೆ ಕಟ್ಟಿದ್ದಳು, ಎಣ್ಣೆ ಜಿನುಗಿ ರೇಷ್ಮೆ ಸೀರೆ ಹಾಳಾಗಿತ್ತು. ಒಂದು ನಿಜ ಅಂದೆನಲ್ಲ, ಅದು... ಅಂತ ಸಂಹಿತಾ ಹೇಳ್ತಿದ್ದಳು...

ಮತ್ತೆ?... ಕೊನೇ ಸಾಲಲ್ಲಿ ಪ್ರತಿಸಲ ಬರೋ ಮೀಸೆಯ ಕೃಷ್ಣ, ಪುರುಷಪ್ರಧಾನ ಸಮಾಜದ ಸಂಕೇತ... ಮೀಸೆಗಾ?... ಅಯ್ಯೋ ರಾಮಾ. ನಮ್ಮ ಬೀದಿ ಕೊನೇಲಿರೋ ಗುಡಿಯ ಕೃಷ್ಣನಿಗೆ ಮೀಸೆ ಇದೆ ಕಣ್ರೀ, ಮಹಾಭಾರತ ಕಾಲದಿಂದ ಇದೆ. ಜಯಪ್ರಕಾಶ್ ಅವರಿಗೆ ಮೀಸೆ ಇದೆಯಾ?... ಇದೆಯಂತೆ! ಕನ್ನಡಿ ನೋಡ್ಕೊಂಡಾಗಲೂ ಅವರಿಗೆ ಸಮಾಜ ಕಾಣ್ಸತ್ತೇನೋ...

ಏನು?... ಅಭಿವೃದ್ಧಿ ಮಾಡಬೇಕು ಅಂದ್ರಾ? ಏನೇನು?... ಪ್ರಾಸ ಕಡಿಮೆ ಮಾಡಬೇಕು. ಸರಿ, ಸಾಂಬಾರಿಗೆ ಹುಳಿ ಕಡಿಮೆ ಮಾಡಿದ ಹಾಗೆ, ಅವರ ನಾಲಿಗೆ ಅವರಿಷ್ಟ. ಆಮೇಲೆ?... ಕೊನೇ ಸಾಲು ಎಲ್ಲಾದರಲ್ಲೂ ತೆಗೆದುಬಿಡಬೇಕು...

ಅದನ್ನ ತೆಗೆಯೋ ಹಾಗಿಲ್ಲ... ಪುನರಾವರ್ತನೆ ಅಂದ್ರೆ ಆಗ್ಲಿ. ತೆಗೆಯೋ ಹಾಗಿಲ್ಲ... ನಿಮ್ಮ ಅಪ್ಪನ ಹೋಟೆಲ್ ಬೋರ್ಡಿಂದ ಅಪ್ಪನ ಹೆಸರು ತೆಗೀರಿ ಅಂದ್ರೆ ತೆಗೀತೀರಾ? ದಾಸರ ಪದದಲ್ಲಿ ಕೊನೇಲಿ ಅಂಕಿತ ಇರತ್ತೆ ಗೊತ್ತು ತಾನೇ, ಬರೆದೋರ ಗುರುತು? ಹಾಗೇ ನಾವೂ ಹಾಕ್ಕೋತೀವಿ. ಅದು ಸಹಿ. ಹೆಂಗಸರ ಹಾಡಿಗೆ ಯಾರೂ ಹೆಸರು ಹಾಕಲ್ಲ, ಮದುವೆ ಪತ್ರಿಕೇಲಿ ಅಡುಗೆಯವರ ಹೆಸರು ಹಾಕ್ತಾರೆ, ನಮ್ಮದು ಹಾಕಲ್ಲ. ಆ ಒಂದು ಸಾಲು ಬಿಟ್ರೆ...

ಇಲ್ಲ, ಕೋಪ ಏನಿಲ್ಲ. ಯಾರದೋ ಹುಡುಗಿ ಕವಿತೆ, ನನಗ್ಯಾಕೆ ಕೋಪ?... ಟುಂಯ್ ಟುಂಯ್ ಮತ್ತೆ. ಇವಳೊಬ್ಬಳು...

ಗೋದೆ ಯಾರು ಅಂತ ಕೇಳ್ತೀರಾ?... ಅದು... ಗೋದಾವರಿ ನದಿ ಇರಬಹುದು. ಕವಿಗಳು ನದಿ ಗಿದಿ ಹಾಕ್ತಾರಲ್ಲ...

ಕೊನೇ ಪ್ರಶ್ನೆ ಕೇಳಿ, ನನಗೂ ಅನ್ನ ಆರ್ತಿದೆ... ಹೂಂ... 'ನಿಮ್ಮ ತಿಳಿವಳಿಕೆಯಂತೆ ಈ ರಚನೆಗಳು ಅರ್ಜಿದಾರರ ಸ್ವಂತದ್ದೇ?'...

...ಇರಿ, ನೀರು ಕುಡೀತೀನಿ...

ಅವಳದ್ದೇ... ಹೂಂ ಅಂದೆನಲ್ಲ, ಅವಳದ್ದೇ. ಎಲ್ಲಾ ಅವಳದ್ದೇ. ಬರ್ಕೊಳ್ಳಿ. ಬರೆದು ಆಯ್ತಾ?...

ಯಾಕೆ ಇಷ್ಟು ಕೇಳ್ತೀರಿ? ಎಲ್ಲರಿಗೂ ಹಿಂಗೇ ಫೋನ್ ಮಾಡ್ತೀರಾ?... ಇಲ್ವಾ?... ಏನು ಸಂಶಯ?... ಹತ್ತನೇದು ಬೇರೆ ಥರ ಇದೆ. ಒಂಬತ್ತು ಒಂದು ಕೈ, ಹತ್ತನೇದು ಇನ್ನೊಂದು ಕೈ... ಓ, ಹತ್ತನೇದನ್ನ ಎಲ್ಲಿಂದಲೋ ಎತ್ತಿರಬಹುದು ಅಂತ ಜಯಪ್ರಕಾಶ್ ಅವರಿಗೆ ಅನುಮಾನ. ಹತ್ತನೇದನ್ನ! ಆಹಾ, ಏನು ಮೂಗುಪ್ಪಾ ಅವರದ್ದು. ಓದಿ ನೋಡೋಣ. ನಿಧಾನ ಓದಿ, ಕ್ಯಾಲೆಂಡರ್ ಹಿಂದುಗಡೆ ಬರ್ಕೋತೀನಿ...

'ಕಣ್ಮುಚ್ಚಿ ಕೂತಳು ಅಜ್ಜಿ, ಜಪವಂತೆ'... ಹೂಂ... 'ಮಣಿಮಣಿಗೊಂದು ಬೈಗುಳದ ಸಂತೆ'...

ಏನಂದ್ರಿ? ಮತ್ತೆ ಓದಿ... 'ಮಣಿಮಣಿಗೊಂದು ಬೈಗುಳದ ಸಂತೆ'... ಇದು ಯಾರಿಗೂ ಗೊತ್ತಿಲ್ಲ. ಜಪಮಣಿ ಹಿಡ್ಕೊಂಡು ನಾನು ಪ್ರಾಸ ಎಣಿಸೋದು ನನ್ನ ಮಗನಿಗೂ ಗೊತ್ತಿಲ್ಲ, ಸತ್ತುಹೋದ ಯಜಮಾನರಿಗೂ ಗೊತ್ತಿರಲಿಲ್ಲ. ನಲವತ್ತು ವರ್ಷ ನನ್ನ ಮಹಾ ಭಕ್ತೆ ಅಂದ್ಕೊಂಡೇ ಹೋದರು ಪಾಪ... ಆಮೇಲೆ, ಓದಿ...

'ಊರೋರ ಮೂಗು ಊರೋರ ಸೊಂಟ, ಯಾರನ್ನೂ ಬಿಡದೆ ಹಾಡಿದಳು ಕಂಠ'... ಥೂ, ಕಂಠ ಏನದು? ಸೊಂಟಕ್ಕೆ ಜೊತೆ ಸಿಗಲಿಲ್ಲ ಅಂತ ಕಂಠ ತಂದು ತುರುಕಿದಾಳೆ. ಇದು ನಾನು ಬರೆದಿದ್ದಲ್ಲ, ನಾನಾಗಿದ್ರೆ ಒಂಟೆ ತರ್ತಿದ್ದೆ, ಗಂಟು ತರ್ತಿದ್ದೆ, ಇದೊಂದು ನಂದಲ್ಲ...

...ಅಯ್ಯೋ...

ಹಲೋ?... ಇದೀರಾ ಸಂತೋಷ್?... ನಾನು ಈಗ ಏನಂದೆ?... ಹೂಂ. ಅದೇ ಅಂದೆ ಅನ್ಸತ್ತೆ...

ಪೋದುಂಪ್ಪಾ, ಸಾಕು, ಸುಳ್ಳು ಹೇಳಿ ಹೇಳಿ ಗಂಟಲು ಒಣಗಿದೆ. ಬರ್ಕೊಳ್ಳಿ. ಒಂಬತ್ತು ನಂದು. ಗೋದೆ ನದಿಯಲ್ಲ, ನಾನೇ. ಸಂಹಿತಾ ನನ್ನ ಮಗ ಸತ್ಯಾತ್ಮನ ಮಗಳು. ಮಧ್ಯೆ ಮಧ್ಯೆ ಟುಂಯ್ ಟುಂಯ್ ಅಂತಿರೋದು ಅವಳೇ. ನೀವು ಶಿಫಾರಸುದಾರರಿಗೆ ಫೋನ್ ಮಾಡ್ತೀರಿ ಅಂತ ಯಾರೋ ಹೇಳಿರ್ತಾರೆ, ಈಗ ಎಣ್ಣೂರು ರೈಲಲ್ಲಿ ಕೂತು ಬೆವರ್ತಿರ್ತಾಳೆ...

ರದ್ದು ಮಾಡ್ತೀರಾ?... ನಿಯಮ ಅಂದ್ರೆ ನಿಯಮ. ಗೊತ್ತು... ಗೊತ್ತಪ್ಪಾ. ನಾನೂ ಬೈತಿದ್ದೆ ಬೇರೆ ಯಾರಾದ್ರೂ ಆಗಿದ್ರೆ. ಕಳ್ಳಿ ಅಂತ ಹಾಡೇ ಕಟ್ತಿದ್ದೆ. ಮೊದಲು ಅದು ಮುಗಿಸಿ ಓದಿ. ಮಿಕ್ಕಿದ್ದು ನಾಲ್ಕು ಸಾಲು ತಾನೇ?...

'ಮೂರು ಸಲ ನಾ ಬಿದ್ದೆ, ಮನೆಯೆಲ್ಲ ಗೊತ್ತು'...

ಹೂಂ...

'ಅದಕೊಂದು ಹಾಡ ಅವಳು ಕಟ್ಟಲಿಲ್ಲ ಇವತ್ತೂ'...

ಇದೀನಿ. ಇದೀನಪ್ಪಾ, ಇಲ್ಲೇ ಇದೀನಿ... ಏನಾಗಿಲ್ಲ. ಆ ಸಾಲು ಕ್ಯಾಲೆಂಡರ್ ಮೇಲೆ ಬರ್ಕೋತಿದ್ದೆ...

ಊರಲ್ಲಿ ಯಾರನ್ನೂ ಬಿಟ್ಟಿಲ್ಲ ನಾನು. ಕುಂಟೋರನ್ನ, ಕುಳ್ಳರನ್ನ, ನಮ್ಮ ಮನೆ ಪುರೋಹಿತರನ್ನ, ನನ್ನ ಸ್ವಂತ ಅಣ್ಣನ ಬೋಳುತಲೆಯನ್ನ. ಆದರೆ ಈ ಹುಡುಗಿ ಬಿದ್ದಾಗ ನನಗೆ ಪ್ರಾಸ ಹೊಳೀಲಿಲ್ಲ ಕಣಪ್ಪಾ. ಮೂರು ಸಲಾನೂ. ಅವಳು ಅದನ್ನ ಗಮನಿಸಿದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಷ್ಟು ಮುದ್ದು ಬಂದಿದೆ ಈಗ ಅವಳ ಮೇಲೆ, ಎದುರಿಗಿದ್ರೆ ಎರಡು ಬಿಡ್ತಿದ್ದೆ...

ಸಾಲು ಉದ್ದ ಆಯ್ತು, ಗೊತ್ತು. ಕುಂಟತ್ತೆ. ಆ 'ಇವತ್ತೂ' ಹೊರಗೆ ನೇತಾಡ್ತಿದೆ. ಆದರೂ ಒಂದು ನಿಜ ಇದೆಯಲ್ಲ ಅದರೊಳಗೆ? ನನ್ನ ಒಂಬತ್ತರಲ್ಲಿ ಅಂಥ ನಿಜ ಒಂದೂ ಇಲ್ಲ. ಇರೋದು ಬರೀ ಹೋಳಿಗೆ. ಕೊನೇ ಎರಡು ಓದಿ...

'ಅಜ್ಜಿಯ ಕೃಷ್ಣನಿಗೆ ಮೀಸೆ ಇದೆಯಂತೆ... ಗೋದಜ್ಜಿಯೇ ಸಾಕು ಸಂಹಿತೆಗಂತೆ.'

...ಅಂಕಿತ ಹಾಕಿದಾಳೆ. ನೋಡಿದ್ರಾ? ಅವಳದ್ದೇ ಅಂಕಿತ. ನಾನು ಇಷ್ಟು ಹೊತ್ತು ಮನಸ್ಸಲ್ಲಿ ಬೈಕೋತಿದ್ದೆ, ಪೆದ್ದು, ಕದಿಯೋದು ಕದ್ದಳು, ಸಹೀನೂ ಸೇರಿಸಿ ಕದ್ದಿದಾಳಲ್ಲ ಅಂತ. ಕನ್ನಡ ಸರಿಯಾಗಿ ಬರಲ್ಲ, ಕೊನೇ ಸಾಲು ಏನು ಅಂತ ಗೊತ್ತಾಗಿಲ್ಲ ಅಂತ. ಗೊತ್ತಿದೆ ಅವಳಿಗೆ. ಗೊತ್ತಿಲ್ಲದೋಳು ತನ್ನದಕ್ಕೆ ತನ್ನ ಸಹಿ ಹೆಂಗೆ ಹಾಕ್ತಾಳೆ? ಒಂಬತ್ತರಲ್ಲಿ ನನ್ನದು ಹಾಗೇ ಬಿಟ್ಟಿದಾಳೆ, ಒಂದರಲ್ಲಿ ಅವಳದ್ದು ಹಾಕಿದಾಳೆ. ನಿಮ್ಮ ಮೀಸೆಯವರು ಓದಬೇಕಿತ್ತು, ಓದೋದು ಬಿಟ್ಟು ಸಮಾಜ ಹುಡುಕಿದ್ರು...

ಅರ್ಜೀಲಿ ಸ್ವಂತದ್ದು ಅಂತ ಟಿಕ್ ಹಾಕಿದಾಳೆ, ಅದು ತಪ್ಪು. ನಾನು ತಪ್ಪಲ್ಲ ಅಂತ ಹೇಳ್ತಿಲ್ಲ. ಬೈಯಿರಿ ಅವಳನ್ನ. ಚೆನ್ನಾಗಿ ಬೈಯಿರಿ, ಬೇಕಾದ್ರೆ ನನ್ನ ಕರೀರಿ, ಬೈಯೋದು ನನ್ನ ಕಸಬು. ಆದರೆ ಸೀಟು ಕಿತ್ಕೋಬೇಡಿ. ಆ ಒಂಬತ್ತು ಪಕ್ಕಕ್ಕಿಡಿ, ಹತ್ತನೇದು ಒಂದನ್ನ ನೋಡಿ...

ಒಂದೇ ಕವಿತೆ ಸಾಲದು ಅಂತೀರಾ?... ಎಷ್ಟು ಬೇಕು?...

ಏನು?... ಏನಂದ್ರಿ?... ಆ ಸೀಟು ನನಗಾ?...

ವಯಸ್ಸಿನ ಮಿತಿ ಇಲ್ವಾ ನಿಮ್ಮಲ್ಲಿ?... ಎಪ್ಪತ್ತೊಂದಪ್ಪಾ ನನಗೆ. ಉದಯೋನ್ಮುಖ! ನನ್ನ ಸೂರ್ಯ ಮೌಂಟ್ ರೋಡ್ ದಾಟಿ ಪಶ್ಚಿಮಕ್ಕೆ ಇಳೀತಿದಾನೆ, ನೀವು ಪೂರ್ವ ದಿಕ್ಕು ತೋರಿಸ್ತೀರಿ...

...ಪುಸ್ತಕ ಮಾಡ್ತೀರಾ? ಹೆಸರು ಹಾಕಿ? ಮೇಲುಗಡೆ, ರಟ್ಟಿನ ಮೇಲಾ?...

ಇಲ್ಲ, ಯೋಚನೆ ಮಾಡ್ತಿದೀನಿ. ಸುಳ್ಳು ಯಾಕೆ ಹೇಳಲಿ, ಆಸೆ ಆಗತ್ತೆ. ತುಂಬಾ ಆಸೆ ಆಗತ್ತೆ. ನಲವತ್ತು ವರ್ಷ ಹಾಡಿದೀನಿ, ಹಾಡು ಮುಗಿದ ಮೇಲೆ ಎಲೆ ಎತ್ತಿದ ಹಾಗೆ ಎತ್ತಿ ಹಾಕ್ತಿದ್ರು. ವಿದುಷಿ ಅಂತ ಯಾರೂ ಅಂದಿರಲಿಲ್ಲ. ಅಂದಿದ್ದು ಇವಳೊಬ್ಬಳೇ, ಅದೂ ಅರ್ಜಿ ತುಂಬಕ್ಕೆ...

ಬೇಡಪ್ಪಾ. ಒಂದೇ ಸೀಟು ಅಂದ್ರಲ್ಲ? ಅದು ಅವಳದ್ದು. ನನ್ನ ಹೆಸರು ವೇಟಿಂಗ್ ಲಿಸ್ಟಲ್ಲಿ ಹಾಕಿ. ಈ ವಯಸ್ಸಿಗೆ ನಾನು ಹೇಗೂ ಒಂದು ವೇಟಿಂಗ್ ಲಿಸ್ಟಲ್ಲೇ ಇರೋದು, ಇನ್ನೊಂದು ಸೇರಿಸಿ...

ನನ್ನ ದನಿ ನನಗೆ ಸಿಕ್ಕಿದೆ, ಬೀದಿ ಕೊನೆವರೆಗೂ ಕೇಳಿಸತ್ತೆ. ಅವಳಿಗೆ ಈಗ ತಾನೇ ಒಂದು ಚೂರು ಸಿಕ್ಕಿದೆ, ಎಂಟು ಸಾಲು. ಅದನ್ನ ನೀವು ನಿಯಮ ಹೇಳಿ ಮುಚ್ಚಿದ್ರೆ ಮತ್ತೆ ತಟ್ಟೆ ತೊಳೆದು ರೂಮಿಗೆ ಹೋಗ್ತಾಳೆ. ನನ್ನ ಹತ್ರ ಇನ್ನು ಎರಡು ವರ್ಷ ಇದೆಯೋ ಇಲ್ವೋ, ಆ ಮೌನ ಮತ್ತೆ ನೋಡೋಕೆ ನನಗೆ ಆಗಲ್ಲ. ಇದೇ ನನ್ನ ಶಿಫಾರಸು. ಬರ್ಕೊಳ್ಳಿ...

ಹಾಂ... ಹಾಂ... ಶುಕ್ರವಾರ ಸಮಿತಿ ಸೇರತ್ತೆ. ಎಲ್ಲಾ ನಿಜ ನೀವೇ ಹೇಳ್ತೀರಾ, ಒಂಬತ್ತು ಯಾರದ್ದು ಅಂತ?... ಹೇಳಿ, ಹೇಳಲೇಬೇಕು. ಅಷ್ಟರೊಳಗೆ ಅವಳದ್ದೇ ಇನ್ನು ನಾಲ್ಕು ಬೇಕು. ಸ್ವಂತದ್ದು... ಮಾತು ಕೊಡಕ್ಕಾಗಲ್ಲ ಅಂತೀರಾ? ಸಿಕ್ರೂ ಸಿಗಬಹುದು, ಸಿಗದೇನೂ ಇರಬಹುದು. ಸರಿ. ಅಷ್ಟು ಸಾಕು. ನಾಲ್ಕೇ ದಿವಸ. ಬರೀತಾಳೆ...

ನಾನು ಸಹಾಯ ಮಾಡಬಾರದಾ?... ಕಂಠ ಒಂದನ್ನ ತೆಗೆಸಲಾ?... ಅದೂ ಮಾಡಬಾರದು. ಸರಿಪ್ಪಾ, ಬಾಯಿಗೆ ಪ್ಲಾಸ್ಟರ್ ಹಾಕ್ಕೋತೀನಿ. ಇನ್ನೊಂದು ಮಾತು, ಹತ್ತನೇದರ ಕೊನೇ ಸಾಲು ಮುಟ್ಟಬಾರದು ಅಂತ ಮೀಸೆಯವರಿಗೆ ಹೇಳಿ. ಮುಟ್ಟಿದ್ರೆ ನಿಮ್ಮ ಮದುವೆಗೆ ನಾನು ಎದುರು ಕಡೆಯಿಂದ ಬರ್ತೀನಿ. ನಿಮ್ಮಮ್ಮನ ಬಗ್ಗೆ ಒಂದು ನಿಜ ಹುಡುಕಕ್ಕೆ ಮಾಧವರಂ ತನಕ ಹೋಗಿ ಒಂದು ಕಾಫಿ ಕುಡಿದ್ರೆ ಸಾಕು... ನಗಬೇಡಿ, ನಿಜವಾಗ್ಲೂ ಬರ್ತೀನಿ... ಸರಿ. ಒಳ್ಳೇ ಹುಡುಗ ನೀವು. ಮತ್ತೆ ಟುಂಯ್ ಟುಂಯ್, ಇದು ಆರನೇ ಸಲ. ಇಡ್ತೀನಿ, ಇದರಲ್ಲಿ ಯಾವ ಬಟನ್ ಒತ್ತೋದು... ಹಸಿರಾ?...

ಹಲೋ... ಸಂಹಿತಾ?... ಸಂತೋಷಾ, ಇನ್ನೂ ನೀವೇನಾ?... ಇಲ್ಲ, ನೀನೇ. ಹೂಂ, ನಾನೇ ಕಣೆ ಅಜ್ಜಿ... ಅದೇನು ಒಂದೇ ಉಸಿರಲ್ಲಿ? ತಮಿಳಲ್ಲಿ ಬೇಡ, ಕನ್ನಡದಲ್ಲಿ ಹೇಳು. ಕನ್ನಡದ ಕವಿ ಅಲ್ವಾ ನೀನು...

ಬಂದಿತ್ತು. ಫೋನ್ ಬಂದು, ಮಾತಾಡಿ, ಮುಗೀತು... ಡಬ್ಬಿ ವಿಷಯ ಬಿಡು, ಗೊತ್ತು ನನಗೆ ಡಬ್ಬಿಗಲ್ಲ ಅಂತ...

ಒಂಬತ್ತು ನಂದು ಅಂತ ಹೇಳಿಬಿಟ್ಟೆ... ಬೇಕು ಅಂತ ಅಲ್ಲ, ಬಾಯಿ ತಪ್ಪಿತು. ಹತ್ತನೇದು ಓದಿದ್ರು, ತಡೆಯಕ್ಕಾಗಲಿಲ್ಲ...

ಕೇಳು. ಸಂಹಿತಾ, ಕೇಳು ಇಲ್ಲಿ. ಕೊನೇ ಸಾಲು ಏನು ಅಂತ ಗೊತ್ತಿದ್ದೇ ಬಿಟ್ಟೆ ಅಲ್ವಾ, ಒಂಬತ್ತರಲ್ಲೂ?... ಹೂಂ?... ಅಳಿಸಕ್ಕೆ ಹೋದ್ರೆ ಕೈ ಬರಲಿಲ್ಲ... ಕಳ್ಳತನಾನೂ ನೆಟ್ಟಗೆ ಬರಲ್ಲ ಕಣೆ ನಿನಗೆ. ಒಳ್ಳೇದಾಯ್ತು...

ಸಾರಿ ಎಲ್ಲ ಆಮೇಲೆ ಕೇಳು. ಮೊದಲು ನಿನ್ನ ಕೆಲಸ. ಶುಕ್ರವಾರದೊಳಗೆ ನಾಲ್ಕು ಬೇಕಂತೆ, ನಿಂದೇ. ಕೊಡ್ತಾರೋ ಇಲ್ವೋ ಗೊತ್ತಿಲ್ಲ, ನೋಡ್ತಾರಂತೆ. ನಾನು ಮುಟ್ಟಬಾರದಂತೆ. ಸೊಂಟಕ್ಕೆ ಏನು ಬರತ್ತೆ ಅಂತ ನಾನು ಹೇಳಲ್ಲ, ಸಾಯೋವರೆಗೂ ಹೇಳಲ್ಲ...

ಈಗ ನನ್ನ ಕೆಲಸ. ನನ್ನ ಮೇಲೆ ಹಾಡಿದೀಯಲ್ಲ, ನಾನು ಉತ್ತರ ಹಾಡದೆ ಎದ್ದುಹೋಗೋಳಲ್ಲ. ರೈಲಲ್ಲಿ ಜನ ಇದ್ರೆ ಇರ್ಲಿ, ಫೋನ್ ಕಿವಿಗೆ ಒತ್ಕೋ...

'ಮೂರು ಸಲ ಬಿದ್ದಳು ಮೊಮ್ಮಗಳು ಜಾಣೆ, ಒಂಬತ್ತು ಕದ್ದಳು, ಕೃಷ್ಣನ ಆಣೆ... ಹತ್ತನೇದೊಂದು ತಾನೇ ಬರೆದಳು... ಬೈಯುವ ಬಾಯಿಗೆ ಸಕ್ಕರೆ ಸುರಿದಳು'...

ಅಷ್ಟೇ. ಕೊನೇ ಸಾಲು ನಾನು ಹಾಕಲ್ಲ. ಅದನ್ನ ನೀನು ಹಾಕು...

ಹಾಕೇ... ಕೇಳ್ತಿದೀನಿ, ಹೇಳು... ಏನೇ ಅದು, ನಗ್ತಿದೀಯಾ, ಅಳ್ತಿದೀಯಾ? ರೈಲಿನ ಸದ್ದಲ್ಲಿ ಗೊತ್ತಾಗ್ತಿಲ್ಲ... ಸಂಹಿತಾ?... ಗಟ್ಟಿಯಾಗಿ ಹೇಳೇ, ಗಟ್ಟಿಯಾಗಿ... ಹಲೋ...